ಬಸುರಿಯಿದ್ದಾಗ ಕೋಳಿಗಳಿಗೆ ನುಸಿ ಹತ್ತಿದರೆ ಏನು ಮಾಡಬೇಕು?

ಮನೆಯಲ್ಲಿ ನಾಲ್ಕಾರು ಕೋಳಿ ಸಾಕಿರುವ ಹೆಣ್ಣುಮಕ್ಕಳು ಈ ಪ್ರಶ್ನೆ ಪದೇ ಪದೇ ಕೇಳುತ್ತಾರೆ. "ನಾನೀಗ ಗರ್ಭಿಣಿ. ಕೋಳಿ ಮೈಮೇಲೆ ನುಸಿ ಓಡಾಡ್ತಿದೆ. ಅಂಗಡಿಯಲ್ಲಿ ಸಿಗುವ ಪುಡಿ ಹಾಕಬಹುದಾ? ಬೇವಿನೆಣ್ಣೆ ಆದ್ರೆ ಪರವಾಗಿಲ್ವಾ? ಹೆರಿಗೆ ಆಗೋವರೆಗೂ ಹಾಗೇ ಬಿಟ್ರೆ ಏನಾಗುತ್ತೆ?" ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳುತ್ತೇನೆ.

ಚಿಕ್ಕ ಉತ್ತರ ಮೊದಲು. ಹಾಗೇ ಬಿಡಬೇಡಿ. ನುಸಿ ತಾನಾಗಿ ಹೋಗುವುದಿಲ್ಲ. ಜಾಸ್ತಿಯಾದರೆ ರಕ್ತ ಹೀರಿ ಹೀರಿ ಕೋಳಿಯನ್ನು ಸಾಯಿಸಲೂಬಹುದು. ಆದರೆ ನಾಲ್ಕು ಕೆಲಸಕ್ಕೆ ನೀವು ಕೈ ಹಾಕಬೇಡಿ: ಔಷಧಿ ಕಲಸುವುದು, ಸಿಂಪಡಿಸುವುದು, ಪುಡಿ ಎರಚುವುದು, ಒಣಗಿದ ಹಿಕ್ಕೆ ಕೆರೆಯುವುದು. ಇವಿಷ್ಟೂ ಬೇರೆಯವರ ಪಾಲಿಗೆ. ನಿಮ್ಮ ಪಾಲಿಗೆ ಬರುವುದು ಯಾವ ನುಸಿ ಅಂತ ಗುರುತಿಸುವುದು. ಇದೇನು ಸಣ್ಣ ಕೆಲಸ ಅಂದುಕೊಳ್ಳಬೇಡಿ. ಗುರುತು ತಪ್ಪಿದರೆ ವಾರಗಟ್ಟಲೆ ಔಷಧಿ ಹೊಡೆಯುತ್ತಲೇ ಇರಬೇಕಾಗುತ್ತದೆ, ನಿಮ್ಮ ಸುತ್ತ ವಿಷವೂ ಅಷ್ಟೇ ಹೆಚ್ಚುತ್ತದೆ. ಗುರುತು ಸರಿಯಿದ್ದರೆ ಎಷ್ಟೋ ಸಲ ಬಿಸಿನೀರು, ಸಾಬೂನು, ವ್ಯಾಸಲೀನ್‌ನಲ್ಲೇ ಮುಕ್ಕಾಲು ಕೆಲಸ ಆಗಿಬಿಡುತ್ತದೆ.

ಇದನ್ನು ಓದಿದ ಮೇಲೂ ನಿಮ್ಮ ವೈದ್ಯರಿಗೆ ಒಂದು ಮಾತು ಹೇಳಿ: "ನಮ್ಮ ಮನೆಯಲ್ಲಿ ಕೋಳಿ ಇವೆ." ತುಂಬಾ ಜನ ಇದನ್ನು ಹೇಳುವುದೇ ಇಲ್ಲ. ಮುಂದೆ ಜ್ವರ ಬಂದರೆ ಅವರಿಗೆ ಈ ಮಾಹಿತಿ ಬೇಕಾಗುತ್ತದೆ.

ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ನುಸಿ ಕಚ್ಚಿದರೆ ಮಗುವಿಗೆ ತೊಂದರೆಯಾ ಅನ್ನುವುದೇ ಎಲ್ಲರ ಮೊದಲ ಭಯ. ಕೋಳಿ ನುಸಿ ಮನುಷ್ಯರನ್ನು ಕಚ್ಚುತ್ತದೆ, ನಿಜ. ಕೆಂಪು ಗುಳ್ಳೆ ಏಳುತ್ತವೆ, ರಾತ್ರಿ ತುರಿಕೆ ತಡೆಯಲಾಗುವುದಿಲ್ಲ. ಆದರೆ ಅದು ನಮ್ಮ ಮೈಮೇಲೆ ಸಂಸಾರ ಹೂಡುವುದಿಲ್ಲ. ಕೋಳಿ ಕಡೆಯ ಕೆಲಸ ಮುಗಿದರೆ ನಿಮ್ಮ ತುರಿಕೆಯೂ ನಿಲ್ಲುತ್ತದೆ. ಅಲ್ಲಿಯವರೆಗೆ ಸಾಬೂನು ಹಾಕಿ ತೊಳೆಯಿರಿ, ತಣ್ಣೀರ ಬಟ್ಟೆ ಇಡಿ, ಕ್ಯಾಲಮೈನ್ ಲೋಷನ್ ಹಚ್ಚಿ. ತುರಿಕೆಗೆ ಮಾತ್ರೆ ಬೇಕೆನಿಸಿದರೆ ವೈದ್ಯರನ್ನು ಕೇಳಿಯೇ ತಗೊಳ್ಳಿ. ಮೈಗೆಲ್ಲ ನುಸಿ ಮುಲಾಮು ಬಳಿದುಕೊಳ್ಳುವ ಅಗತ್ಯ ಇಲ್ಲ.

ನಿಜವಾಗಿ ಎಚ್ಚರ ಬೇಕಿರುವುದು ಎರಡು ಕಡೆ.

ಒಂದು, ಹಿಕ್ಕೆ ಮತ್ತು ಅದರ ಧೂಳು. ನೋಡಲು ಗಟ್ಟಿಮುಟ್ಟಾಗಿರುವ ಕೋಳಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಕೈಯಿಂದ ಬಾಯಿಗೆ ಹೋದರೆ ವಾಂತಿ, ಭೇದಿ, ಜ್ವರ. ಬಸುರಿಯಿದ್ದಾಗ ಮೈಯಲ್ಲಿ ನೀರು ಕಡಿಮೆಯಾಗುವುದು ಒಳ್ಳೆಯದಲ್ಲ. ಹಿಕ್ಕೆ ಬಿದ್ದು ಬಿದ್ದು ಕೊಬ್ಬಿದ ಮಣ್ಣಿನಲ್ಲಿ ಹಿಸ್ಟೊಪ್ಲಾಸ್ಮಾ ಎಂಬ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯದ್ದು, ಬೆಳೆಯಬಹುದು. ಕೆದಕಿದಾಗ ಅದು ಧೂಳಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ಸಿಟಕೋಸಿಸ್ ಎನ್ನುವ, ಹಕ್ಕಿಗಳಿಂದ ಬರುವ ಇನ್ನೊಂದು ಸೋಂಕು ಕೋಳಿಗಳಲ್ಲಿ ಅಪರೂಪ, ಪಾರಿವಾಳ, ಗಿಳಿ, ಬಾತುಗಳಲ್ಲಿ ಜಾಸ್ತಿ. ಆದರೆ ಗರ್ಭಿಣಿಯರಿಗೆ ಬಂದರೆ ಜೋರಾಗಿ ಬರುತ್ತದೆ. ಹಾಗಾಗಿ ಗೂಡು ಗುಡಿಸುವ ಕೆಲಸ ನಿಮಗೆ ಬೇಡವೇ ಬೇಡ.

ಇನ್ನೊಂದು, ಔಷಧಿ. ಮಗುವಿನ ಮಿದುಳು, ಬೆನ್ನುಹುರಿ ರೂಪುಗೊಳ್ಳುವ ನಾಳ ಗರ್ಭ ನಿಂತ ಮೊದಲ 4 ವಾರದಲ್ಲೇ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನರಿಗೆ ಬಸುರಿ ಅಂತ ಗೊತ್ತಾಗುವ ಹೊತ್ತಿಗೆ ಆ ಹಂತ ಕಳೆದಿರುತ್ತದೆ. ಹಾಗಂತ ಆಮೇಲಿನ ತಿಂಗಳುಗಳಲ್ಲಿ ಪರವಾಗಿಲ್ಲ ಅಂತೇನೂ ಇಲ್ಲ, ಮಿದುಳು ಕೊನೆಯವರೆಗೂ ಬೆಳೆಯುತ್ತಲೇ ಇರುತ್ತದೆ. ಮಗುವಿಗಾಗಿ ಕಾಯುತ್ತಿರುವವರು, ಅಂದರೆ ಇನ್ನೂ ಗರ್ಭ ನಿಲ್ಲದವರು ಕೂಡ ಇದೇ ನಿಯಮ ಪಾಲಿಸಿದರೆ ಒಳ್ಳೆಯದು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. "ಕಜ್ಜಿಗೆ ಬಸುರಿಯರಿಗೂ ಪರ್ಮೆಥ್ರಿನ್ ಮುಲಾಮು ಕೊಡ್ತಾರಲ್ಲ, ಕೋಳಿ ಔಷಧಿಯಲ್ಲೂ ಅದೇ ಇದೆಯಲ್ಲ?" ಅಂತ ಕೇಳುತ್ತಾರೆ. ಹೌದು, 5% ಪರ್ಮೆಥ್ರಿನ್ ಮುಲಾಮನ್ನು ವೈದ್ಯರು ಕೊಡುತ್ತಾರೆ, ಚರ್ಮದ ಮೂಲಕ ಅದು ಒಳಗೆ ಹೋಗುವುದು ತೀರಾ ಕಡಿಮೆ. ಆದರೆ ಪ್ರಾಣಿಗಳಿಗೆಂದು ಮಾರುವ ಗಾಢ ದ್ರಾವಣದಲ್ಲಿ ಪರ್ಮೆಥ್ರಿನ್ ಒಂದೇ ಇರುವುದಿಲ್ಲ. ಅದನ್ನು ಕರಗಿಸಲು ಹಾಕಿದ ಪೆಟ್ರೋಲಿಯಂ ಜಾತಿಯ ದ್ರಾವಕಗಳು, ಅದರ ಶಕ್ತಿ ಹೆಚ್ಚಿಸಲು ಬೆರೆಸಿದ ರಾಸಾಯನಿಕಗಳು ಇರಬಹುದು. ಸಿಂಪಡಿಸಿದಾಗ ಅದು ಹನಿಹನಿಯಾಗಿ ಉಸಿರಿಗೂ ಸೇರುತ್ತದೆ. ಹೆಸರು ಒಂದೇ ಇದ್ದರೂ ಬಳಕೆ ಬೇರೆ, ಅಪಾಯವೂ ಬೇರೆ.

ಹಂತ 1: ಯಾವ ನುಸಿ ಅಂತ ಪತ್ತೆ ಮಾಡಿ

ಇದನ್ನು ನೀವೇ ಮಾಡಬಹುದು. ಬೇಕಾಗಿರುವುದು ಟಾರ್ಚು, ಬಿಳಿ ಕಾಗದದ ಕರವಸ್ತ್ರ, ಕೈಗವಸು, ಸರಿಯಾಗಿ ಕೂರುವ ಎನ್95 ಅಥವಾ ಎಫ್‌ಎಫ್‌ಪಿ2 ಮಾಸ್ಕು. ಬಟ್ಟೆಯ ಮಾಸ್ಕು ಧೂಳನ್ನು ತಡೆಯುವುದಿಲ್ಲ. ಕೋಳಿಯನ್ನು ಹಿಡಿದುಕೊಳ್ಳಲು ಇನ್ನೊಬ್ಬರಿರಲಿ. ರೆಕ್ಕೆ ಬಡಿದರೆ ಧೂಳೆಲ್ಲ ನಿಮ್ಮ ಮುಖಕ್ಕೇ ಬರುತ್ತದೆ.

ಕೆಂಪು ನುಸಿ. ಶಾಸ್ತ್ರದ ಹೆಸರು ಡರ್ಮಾನಿಸಸ್ ಗ್ಯಾಲಿನೇ. ಹಗಲಲ್ಲಿ ಕೋಳಿ ಮೈಮೇಲೆ ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಅದು ಅಲ್ಲಿ ಇರುವುದೇ ಇಲ್ಲ. ಮರದ ಸಂದಿ, ಮೊಳೆ ಹೊಡೆದ ಜಾಗ, ಕೋಳಿ ಕೂರುವ ಕೋಲಿನ ಎರಡು ತುದಿಗಳಲ್ಲಿ ಅಡಗಿರುತ್ತದೆ. ರಾತ್ರಿ ಹೊರಬಂದು ರಕ್ತ ಹೀರಿ ವಾಪಸ್ ಸಂದಿಗೆ ಹೋಗುತ್ತದೆ. ಹಸಿದಾಗ ಬೂದು ಬಣ್ಣ, ಹೀರಿದ ಮೇಲೆ ಕೆಂಪು. ಗಾತ್ರ 1 ಮಿ.ಮೀ.ಗಿಂತ ಕಡಿಮೆ. ಕತ್ತಲಾಗಿ ಒಂದೆರಡು ಗಂಟೆ ಕಳೆದ ಮೇಲೆ ಕೋಲಿನ ಅಡಿಭಾಗವನ್ನು ಬಿಳಿ ಕಾಗದದಿಂದ ಒರೆಸಿ. ಕೆಂಪು ಗೆರೆ ಮೂಡಿದರೆ ಇದೇ. ಸಂಜೆ ಕೋಳಿಗಳು ಗೂಡಿಗೆ ಹೋಗಲು ಹಟ ಮಾಡುವುದು, ಜುಟ್ಟು ಬಿಳಿಚಿಕೊಳ್ಳುವುದು, ಮೊಟ್ಟೆಯ ಮೇಲೆ ಸಣ್ಣ ಸಣ್ಣ ರಕ್ತದ ಚುಕ್ಕೆ ಕಾಣುವುದು ಇದರ ಲಕ್ಷಣ. ಕಾವು ಕೂತ ಹೇಟೆಗೆ ಇದು ಎಲ್ಲಕ್ಕಿಂತ ಅಪಾಯ. ರಾತ್ರಿಯಿಡೀ ಒಂದೇ ಕಡೆ ಕೂತಿರುತ್ತದಲ್ಲ, ನುಸಿಗೆ ಅದೇ ಬೇಕಾಗಿರುವುದು.

ಮೈ ನುಸಿ. ಆರ್ನಿಥೊನಿಸಸ್ ಎಂಬ ಜಾತಿಯದ್ದು. ಇದು ಹಗಲು ರಾತ್ರಿ ಕೋಳಿ ಮೈಮೇಲೇ ಇದ್ದು ಅಲ್ಲೇ ಮೊಟ್ಟೆ ಇಟ್ಟು ಬೆಳೆಯುತ್ತದೆ. ಬಾಲದ ಬುಡದಲ್ಲಿ, ಹಿಕ್ಕೆ ಹಾಕುವ ಜಾಗದ ಸುತ್ತ ಗರಿ ಬಿಡಿಸಿ ನೋಡಿ. ಗರಿಯ ಬುಡ ಕಪ್ಪು ಕೊಳೆ ಮೆತ್ತಿದಂತೆ ಕಂಡು, ಅದರಲ್ಲಿ ಚುಕ್ಕೆಗಳು ಓಡಾಡುತ್ತಿದ್ದರೆ ಇದೇ.

ಕಾಲಿನ ನುಸಿ. ಕಣ್ಣಿಗೆ ಕಾಣುವುದಿಲ್ಲ. ಕಾಲಿನ ಹುರುಪೆಯ ಕೆಳಗೆ ಕೊರೆದುಕೊಂಡು ಕೂತಿರುತ್ತದೆ. ಹುರುಪೆ ಎದ್ದು ನಿಲ್ಲುತ್ತದೆ, ಬಿಳಿ ಹಿಟ್ಟು ಮೆತ್ತಿದಂತೆ ಆಗುತ್ತದೆ, ಕಾಲು ದಪ್ಪವಾಗುತ್ತದೆ, ಕೊನೆಗೆ ಕೋಳಿ ಕುಂಟುತ್ತದೆ.

ಇವೆಲ್ಲ ಬಿಟ್ಟು ಹುಲ್ಲಿನ ಬಣ್ಣದ, ಸ್ವಲ್ಪ ಉದ್ದನೆಯ, ಸರಸರ ಓಡುವ ಹುಳು ಕಂಡರೆ ಅದು ಹೇನು. ಹೇನಿಗೆ 6 ಕಾಲು, ನುಸಿಗೆ 8. ಗರಿಯ ಬುಡದಲ್ಲಿ ಬಿಳಿ ಗಂಟು ಗಂಟಾಗಿ ಮೊಟ್ಟೆ ಅಂಟಿಸುವುದೂ ಹೇನೇ. ಎಲ್ಲದಕ್ಕೂ "ಕೋಳಿ ಹೇನು" ಅಂದುಬಿಟ್ಟು ಒಂದೇ ಪುಡಿ ತರುವುದು ಸಾಮಾನ್ಯ. ಹಣ ಹಾಳಾಗುವುದು, ಔಷಧಿ ಸುಮ್ನೆ ಸುರಿಯುವುದು ಇಲ್ಲಿಂದಲೇ ಶುರು.

ಹಂತ 2: ಕೆಲಸ ಹಂಚಿ

ಔಷಧಿ ಕೊಳ್ಳುವ ಮೊದಲೇ ಯಾರು ಏನು ಮಾಡಬೇಕು ಅಂತ ಮನೆಯವರ ಜೊತೆ ಕೂತು ಮಾತಾಡಿಕೊಳ್ಳಿ.

ನೀವು: ಪತ್ತೆ ಮಾಡುವುದು, ಪಶುವೈದ್ಯರಿಗೆ ಫೋನ್ ಮಾಡುವುದು, ಡಬ್ಬದ ಮೇಲಿನ ಚೀಟಿ ಓದಿ ಪ್ರಮಾಣ ಬರೆದುಕೊಡುವುದು, ದಿನಾಂಕ ಗುರುತು ಹಾಕಿಡುವುದು, ಕಾಲಿಗೆ ವ್ಯಾಸಲೀನ್ ಹಚ್ಚುವುದು (ಕೈಗವಸು ಹಾಕಿ, ಹೊರಗೆ ಗಾಳಿಯಲ್ಲಿ).

ಬೇರೆಯವರು: ಗೂಡು ಖಾಲಿ ಮಾಡುವುದು, ತೊಳೆಯುವುದು, ಕುದಿನೀರು ಹೊಯ್ಯುವುದು, ಪುಡಿ ಮತ್ತು ಸಿಂಪಡಣೆ, ಕೋಳಿ ಹಿಡಿಯುವುದು, ಕೆಲಸದ ಬಟ್ಟೆ ಒಗೆಯುವುದು.

ಆ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಗಂಡ ಔಷಧಿ ಹೊಡೆದು ಬಂದು ಅದೇ ಅಂಗಿಯಲ್ಲಿ ಸೋಫಾ ಮೇಲೆ ಕೂರುತ್ತಾನೆ, ಆಮೇಲೆ ಹೆಂಡತಿ ಆ ಅಂಗಿಯನ್ನು ಕೈಯಲ್ಲಿ ಒಗೆಯುತ್ತಾಳೆ. ಇಷ್ಟೆಲ್ಲ ಎಚ್ಚರ ವಹಿಸಿ ಏನು ಬಂತು? ಕೆಲಸ ಮಾಡಿದವರು ಹೊರಗೇ ಬಟ್ಟೆ ಕಳಚಿ, ಕೊಡವದೆ ಚೀಲಕ್ಕೆ ಹಾಕಿ, ಸ್ನಾನ ಮಾಡಿ ಒಳಗೆ ಬರಲಿ. ಬಟ್ಟೆಯನ್ನು ಬೇರೆ ಬಟ್ಟೆಗಳ ಜೊತೆ ಸೇರಿಸದೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಅವರೇ ಒಗೆಯಲಿ. ಗೂಡಿಗೆಂದೇ ಒಂದು ಜೊತೆ ಚಪ್ಪಲಿ ಹೊರಗೆ ಇರಲಿ.

ಹಂತ 3: ಕೆಂಪು ನುಸಿಯಾದರೆ ಕೋಳಿ ಬಿಡಿ, ಗೂಡು ಹಿಡಿಯಿರಿ

ಜನ ಸೋಲುವುದು ಇಲ್ಲೇ. ಕೋಳಿ ಮೈಗೆ ಪುಡಿ ಹಚ್ಚುತ್ತಾರೆ, ನುಸಿ ಮರದ ಸಂದಿಯಲ್ಲಿ ಆರಾಮಾಗಿರುತ್ತದೆ. ಗೂಡನ್ನು ಖಾಲಿ ಬಿಟ್ಟರೂ ಸಾಯುವುದಿಲ್ಲ. ರಕ್ತ ಸಿಗದೆ 8 ತಿಂಗಳವರೆಗೂ ಬದುಕಿದ ದಾಖಲೆ ಇದೆ.

ಒಳ್ಳೆಯ ಸುದ್ದಿ ಏನೆಂದರೆ ಕೆಂಪು ನುಸಿಗೆ ಬಿಸಿ ಆಗಿಬರುವುದಿಲ್ಲ. 45 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಹೋದರೆ ಸಾಯತೊಡಗುತ್ತದೆ. ಹಾಗಾಗಿ ಗರ್ಭಿಣಿ ಇರುವ ಮನೆಯಲ್ಲಿ ನಾನು ಮೊದಲು ಹೇಳುವುದು ಬಿಸಿ ಮತ್ತು ಸಾಬೂನು. ಯಾವ ವಿಷವೂ ಉಳಿಯುವುದಿಲ್ಲ, ಮೊಟ್ಟೆಗೂ ತೊಂದರೆ ಇಲ್ಲ. ಸಹಾಯಕ್ಕೆ ಬಂದವರಿಗೆ ಈ ಕ್ರಮ ಹೇಳಿಕೊಡಿ:

ಬೆಳಿಗ್ಗೆಯೇ ಕೋಳಿಗಳನ್ನು ಹೊರಗೆ ಬಿಡಲಿ. ಗೂಡಿನ ಹಾಸಿನ ಮೇಲೆ ಮೊದಲು ನೀರು ಚಿಮುಕಿಸಲಿ. ಒಣಗಿದ್ದನ್ನು ಗುಡಿಸಿದರೆ ಧೂಳೆಲ್ಲ ಏಳುತ್ತದೆ. ನೆನೆದ ಹಾಸನ್ನು ಚೀಲಕ್ಕೆ ತುಂಬಿ ಬಿಗಿಯಾಗಿ ಕಟ್ಟಲಿ. ಗೂಡಿನ ಪಕ್ಕ ಗುಡ್ಡೆ ಹಾಕಿದರೆ ಸಂಜೆಯೊಳಗೆ ನುಸಿ ವಾಪಸ್ ಬರುತ್ತದೆ.

ಕೂರುವ ಕೋಲು, ಮೊಟ್ಟೆ ಇಡುವ ಪೆಟ್ಟಿಗೆ, ಬಿಚ್ಚಲು ಬರುವ ಎಲ್ಲವನ್ನೂ ಬಿಚ್ಚಲಿ. ಪಾತ್ರೆ ತೊಳೆಯುವ ಸಾಬೂನಿನ ನೀರಿನಲ್ಲಿ ಉಜ್ಜಿ ತೊಳೆದು, ಸಂದಿ ಸಂದಿಗೂ ಕುದಿಯುವ ನೀರು ಹೊಯ್ಯಲಿ. ಹಬೆಯಲ್ಲಿ ತೊಳೆಯುವ ಯಂತ್ರ ಸಿಕ್ಕರೆ ಇನ್ನೂ ಒಳ್ಳೆಯದು. ಎಲ್ಲವೂ ಪೂರ್ತಿ ಒಣಗಿದ ಮೇಲೆ ಬಿರುಕುಗಳನ್ನು ಸೀಲೆಂಟ್ ಅಥವಾ ಮರದ ಪುಟ್ಟಿಯಿಂದ ಮುಚ್ಚಲಿ. ಆ ವಾಸನೆ ಹೋಗುವವರೆಗೆ ನೀವು ಹತ್ತಿರ ಹೋಗಬೇಡಿ.

ಕುದಿಯುವ ನೀರಿನ ಪಾತ್ರೆ ನೀವು ಎತ್ತಬೇಡಿ. ಹೊಟ್ಟೆ ಮುಂದೆ ಬಂದ ಮೇಲೆ ಸಮತೋಲನ ಮೊದಲಿನ ಹಾಗೆ ಇರುವುದಿಲ್ಲ, ತೊಳೆದ ನೆಲವೂ ಜಾರುತ್ತದೆ.

ಉಳಿದ ನುಸಿ ಹಿಡಿಯಲು ಬಲೆ ಇಡಬಹುದು. ದಪ್ಪ ರಟ್ಟಿನ ಪೆಟ್ಟಿಗೆಯ ಒಳಪದರದಲ್ಲಿ ಅಲೆಅಲೆಯಾದ ಕೊಳವೆಗಳಿರುತ್ತವಲ್ಲ, ಅಂಥ ರಟ್ಟಿನ ಪಟ್ಟಿ ಕತ್ತರಿಸಿ ಕೋಲಿನ ತುದಿಯ ಕೆಳಗೆ ಸಿಕ್ಕಿಸಿ. ನುಸಿಗಳು ಆ ಕೊಳವೆಗಳಲ್ಲಿ ಸೇರಿಕೊಳ್ಳುತ್ತವೆ. ಎರಡು ದಿನ ಬಿಟ್ಟು ಹಗಲಲ್ಲಿ ತೆಗೆದು ತಕ್ಷಣ ಚೀಲಕ್ಕೆ ಹಾಕಿ ಕಟ್ಟಿ, ಸುಟ್ಟುಬಿಡಲು ಯಾರಿಗಾದರೂ ಕೊಡಿ. ತೆರೆದು ನೋಡುವ ಆಸೆ ಬೇಡ, ಕೈಮೇಲೆ ಹತ್ತುತ್ತವೆ.

ಹಂತ 4: ಮೈ ನುಸಿಯಾದರೆ

ಇಲ್ಲಿ ಲೆಕ್ಕ ತಿರುಗುಮುರುಗು. ಕೋಳಿಗೇ ಚಿಕಿತ್ಸೆ ಬೇಕು, ಗೂಡು ಆಮೇಲೆ. ಬಾಲದ ಬುಡದ ಕೊಳಕಾದ ಗರಿಗಳನ್ನು ಕತ್ತರಿಸಿದರೆ ನುಸಿಗೆ ಅಡಗುವ ಜಾಗ ಕಡಿಮೆಯಾಗುತ್ತದೆ. ಬಿಸಿಲಿರುವ ದಿನ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಕೋಳಿಯ ಹಿಂಭಾಗ ಅದ್ದಿ ತೊಳೆದು, ಒಳ್ಳೆಯ ನೀರಿನಲ್ಲಿ ಜಾಲಿಸಿ, ಪೂರ್ತಿ ಒಣಗಿಸಬಹುದು. ನುಸಿ ತುಂಬಾ ಇಳಿಯುತ್ತದೆ, ಆದರೆ ಒಂದೇ ಸಲಕ್ಕೆ ಪೂರ್ತಿ ಹೋಗುವುದಿಲ್ಲ. ನೀರು ಸಿಡಿಯುವ ಕೆಲಸ ಇದು, ಆದ್ದರಿಂದ ಇನ್ನೊಬ್ಬರಿಗೆ ಬಿಡಿ.

ಕೋಳಿಗಳ ಮಣ್ಣುಸ್ನಾನಕ್ಕೆ ಒಂದು ಜಾಗ ಮಾಡಿಕೊಡಿ. ಮಳೆ ಬೀಳದ ಮೂಲೆಯಲ್ಲಿ ಒಣ ಮಣ್ಣು, ಮರಳು. ಇದಕ್ಕೆ ಸೇರಿಸುವ ವಸ್ತುಗಳಲ್ಲಿ ಪ್ರಯೋಗಗಳಲ್ಲಿ ಚೆನ್ನಾಗಿ ಕೆಲಸ ಮಾಡಿರುವುದು ಗಂಧಕದ ಪುಡಿ. ಡಯಟೋಮೇಷಿಯಸ್ ಅರ್ಥ್ ಎಂಬ ಬಿಳಿ ಪುಡಿಯನ್ನೂ ಹಾಕುತ್ತಾರೆ. ಪಾಚಿಯ ಜಾತಿಯ ಸೂಕ್ಷ್ಮಜೀವಿಗಳ ಚಿಪ್ಪು ಶೇಖರವಾಗಿ ಆದ ಪುಡಿ ಅದು. ನುಸಿಯ ಮೈಮೇಲಿನ ಮೇಣವನ್ನು ಹೀರಿ ಒಣಗಿಸಿ ಕೊಲ್ಲುತ್ತದೆ, ಹಾಗಾಗಿ ತೇವದ ಹವೆಯಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ರಾಸಾಯನಿಕ ವಿಷ ಇಲ್ಲದಿದ್ದರೂ ಅದರ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ನಿಮಗೂ ಕೋಳಿಗೂ. "ಇದು ನೈಸರ್ಗಿಕ, ನೀವೇ ಹಾಕ್ಕೊಳ್ಳಿ" ಅಂತ ಅಂಗಡಿಯವರು ಹೇಳಿದರೆ ತಲೆಯಾಡಿಸಿ ಬನ್ನಿ, ಹಾಕುವುದು ಮಾತ್ರ ಮಾಸ್ಕು ಹಾಕಿಕೊಂಡ ಬೇರೆಯವರೇ. ಗೂಡಿನ ಸಂದಿಗಳಿಗಾದರೆ ಪುಡಿ ಎರಚುವ ಬದಲು ನೀರಿನಲ್ಲಿ ತೆಳುವಾಗಿ ಕಲಸಿ ಬ್ರಷ್‌ನಿಂದ ಬಳಿಯಲಿ. ಒಣಗಿದ ಮೇಲೆ ಅಲ್ಲೇ ಅಂಟಿಕೊಂಡಿರುತ್ತದೆ, ಧೂಳು ಕಡಿಮೆ.

ಹಂತ 5: ಕಾಲಿನ ನುಸಿಯಾದರೆ

ಎಲ್ಲದರಲ್ಲೂ ಸುಲಭವಾದದ್ದು ಇದೇ. ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಕಾಲು ನೆನೆಸಿ, ಹಳೆಯ ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ನಿಧಾನಕ್ಕೆ ಉಜ್ಜಿ, ಒರೆಸಿ, ವ್ಯಾಸಲೀನನ್ನು ದಪ್ಪಗೆ ಹಚ್ಚಿ. ಗಾಳಿ ಸಿಗದೆ ನುಸಿ ಸಾಯುತ್ತದೆ. ಎರಡು ಮೂರು ದಿನಕ್ಕೊಮ್ಮೆಯಂತೆ ಕೆಲವು ವಾರ ಮಾಡಬೇಕು. ಎದ್ದ ಹುರುಪೆಯನ್ನು ಕೀಳಬೇಡಿ, ರಕ್ತ ಬರುತ್ತದೆ. ಒಂದು ಕೋಳಿಗೆ ಬಂದಿದ್ದರೆ ಜೊತೆಯಲ್ಲಿರುವ ಎಲ್ಲವಕ್ಕೂ ಹಚ್ಚಿ. ಕಾಲಿನ ಚರ್ಮ ಮತ್ತೆ ಮೊದಲಿನಂತಾಗಲು ತಿಂಗಳುಗಳೇ ಬೇಕು, ಔಷಧಿ ಕೆಲಸ ಮಾಡಲಿಲ್ಲ ಅಂತ ಬೇಸರ ಪಡಬೇಡಿ.

ಸೀಮೆಎಣ್ಣೆ, ಡೀಸೆಲ್‌ನಲ್ಲಿ ಕಾಲು ಅದ್ದುವ ಹಳೆಯ ಪದ್ಧತಿ ಬಿಟ್ಟುಬಿಡಿ. ಕೋಳಿಯ ಚರ್ಮ ಸುಡುತ್ತದೆ, ಅದರ ಆವಿ ನಿಮಗೆ ಬೇಡ.

ಹಂತ 6: ಔಷಧಿ ಬೇಕೇ ಬೇಕು ಅನಿಸಿದಾಗ

ಕೋಳಿಗಳು ಸೊರಗುತ್ತಿವೆ, ಬಿಸಿನೀರಿಗೆ ಬಗ್ಗುತ್ತಿಲ್ಲ ಅಂದರೆ ಔಷಧಿ ಹಾಕಿಸಿ. ಅದರಲ್ಲಿ ತಪ್ಪೇನಿಲ್ಲ. ಅಂಗಡಿಗೆ ಹೋಗುವ ಮೊದಲು ಪಶುವೈದ್ಯರಿಗೆ ಫೋನ್ ಮಾಡಿ ಮೂರು ಮಾತು ಹೇಳಿ: ಯಾವ ನುಸಿ, ಕೋಳಿ ಮೊಟ್ಟೆ ಇಡುತ್ತಿವೆ, ಮನೆಯಲ್ಲಿ ಗರ್ಭಿಣಿ ಇದ್ದಾರೆ. ಮೂರನೆಯದು ಗೊತ್ತಾದರೆ ಅವರು ಬೇರೆಯದೇ ಔಷಧಿ ಹೇಳಬಹುದು.

ಕುಡಿಯುವ ನೀರಿನಲ್ಲಿ ಬೆರೆಸಿ ಕೊಡುವ ಫ್ಲೂರಲೇನರ್ ಎಂಬ ಔಷಧಿ ಇದೆ. ಯುರೋಪಿನಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು. 7 ದಿನ ಬಿಟ್ಟು ಎರಡು ಸಲ ಕೊಡುತ್ತಾರೆ, ಕೋಳಿಯ ರಕ್ತ ಹೀರಿದ ನುಸಿ ಸಾಯುತ್ತದೆ. ಸಿಂಪಡಣೆ ಇಲ್ಲ, ಧೂಳು ಇಲ್ಲ. ಗರ್ಭಿಣಿ ಇರುವ ಮನೆಗೆ ನನಗೆ ಇದೇ ಮೆಚ್ಚು. ಆದರೆ ಇದು ದೊಡ್ಡ ಫಾರಂಗಳಿಗೆಂದು ತಯಾರಾದದ್ದು, ನಾಲ್ಕು ಕೋಳಿಗೆ ಎಷ್ಟು ಅಂತ ತೂಕ ನೋಡಿ ಲೆಕ್ಕ ಹಾಕಬೇಕಾದವರು ಪಶುವೈದ್ಯರು. ನಿಮ್ಮಲ್ಲಿ ಸಿಗುತ್ತದೆಯೇ, ಬಳಸಲು ಒಪ್ಪಿಗೆ ಇದೆಯೇ ಅಂತಲೂ ಅವರನ್ನೇ ಕೇಳಿ. ನೀರಿಗೆ ಬೆರೆಸುವುದು ಆಗಲೂ ಬೇರೆಯವರೇ.

ಪರ್ಮೆಥ್ರಿನ್ ಸಿಂಪಡಣೆ ಹೇಳಿದರೆ ಗೂಡಿಗೆ ಹೊಡೆಯುವಾಗ ನೀವು ಮನೆಯೊಳಗೆ, ಆ ಕಡೆಯ ಕಿಟಕಿ ಮುಚ್ಚಿಕೊಂಡು ಇರಿ. ಗಾಳಿ ಬೀಸುವ ದಿನ ಬೇಡ. ಒಣಗಿ ಗಾಳಿಯಾಡಿ, ನನ್ನ ಪ್ರಕಾರ ಪೂರ್ತಿ ಒಂದು ದಿನ ಕಳೆಯುವವರೆಗೆ ಗೂಡಿನ ಕಡೆ ಹೋಗಬೇಡಿ. ಚೀಟಿಯಲ್ಲಿ ಇನ್ನೂ ಜಾಸ್ತಿ ಹೇಳಿದ್ದರೆ ಅದೇ ನಿಯಮ. ಮನೆಯಲ್ಲಿ ಬೆಕ್ಕು ಇದ್ದರೆ ದೂರ ಇಡಿ, ಪರ್ಮೆಥ್ರಿನ್ ಬೆಕ್ಕನ್ನು ಕೊಲ್ಲಬಲ್ಲದು.

ಮನೆಗೆ ತರಲೇಬಾರದವು ಇವು:

ಆರ್ಗ್ಯಾನೊಫಾಸ್ಫೇಟ್ ಮತ್ತು ಕಾರ್ಬಮೇಟ್ ಜಾತಿಯ ಕೀಟನಾಶಕಗಳು. ಡೈಕ್ಲೊರ್‌ವಾಸ್, ಮೆಲಾಥಿಯಾನ್, ಕಾರ್ಬರಿಲ್ ಈ ಗುಂಪಿನವು. ನರಗಳು ಸಂದೇಶ ಕಳಿಸುವ ವ್ಯವಸ್ಥೆಯನ್ನೇ ಕೆಡಿಸಿ ಕೀಟವನ್ನು ಕೊಲ್ಲುತ್ತವೆ. ಮನುಷ್ಯರ ನರಗಳೂ ಅದೇ ರೀತಿ ಕೆಲಸ ಮಾಡುತ್ತವೆ.

ಫಿಪ್ರೊನಿಲ್. ನಾಯಿಯ ಉಣ್ಣೆಗೆ ತಂದ ಹನಿ ಔಷಧಿ ಮನೆಯಲ್ಲಿದೆ ಅಂತ ಕೋಳಿಗೆ ಹಾಕುವವರಿದ್ದಾರೆ. ಆಹಾರಕ್ಕೆಂದು ಸಾಕುವ ಪ್ರಾಣಿಗಳಿಗೆ ಅದು ಕೂಡದು. 2017ರಲ್ಲಿ ಯುರೋಪಿನಲ್ಲಿ ಲಕ್ಷಾಂತರ ಮೊಟ್ಟೆ ವಾಪಸ್ ತರಿಸಿದ್ದು ಇದರಿಂದಲೇ. ಕೆಂಪು ನುಸಿ ಓಡಿಸಲೆಂದು ಬಳಸಿದ ದ್ರಾವಣದಲ್ಲಿ ಕಾನೂನು ಮೀರಿ ಫಿಪ್ರೊನಿಲ್ ಬೆರೆಸಿದ್ದರು, ಅದು ಮೊಟ್ಟೆಯಲ್ಲಿ ಸಿಕ್ಕಿತು.

ಐವರ್‌ಮೆಕ್ಟಿನ್ ಎಂಬ ಹುಳು-ನುಸಿ ಔಷಧಿಯನ್ನು ಸ್ವಂತ ಲೆಕ್ಕದಲ್ಲಿ ಕೊಡಬೇಡಿ. ಮೊಟ್ಟೆಯಲ್ಲಿ ಉಳಿಯುತ್ತದೆ, ಗರ್ಭಿಣಿ ತಿನ್ನುವ ಮೊಟ್ಟೆಗೆ ಅದು ಬೇಡ.

ಹೊಗೆಸೊಪ್ಪಿನ ಕಷಾಯ. ಹಿರಿಯರು ಹೇಳಿದರು ಅಂತ ಮಾಡುವವರು ಈಗಲೂ ಇದ್ದಾರೆ. ಅದರ ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಹಸಿ ಎಲೆ ಕೀಳುವವರಿಗೇ ವಾಂತಿ, ತಲೆಸುತ್ತು ಬರುತ್ತದೆ. ಗರ್ಭಿಣಿ ಕಲಸುವ ವಸ್ತುವೇ ಅಲ್ಲ ಅದು.

ನ್ಯಾಫ್ತಲೀನ್ ಗುಳಿಗೆ. ಮೊಟ್ಟೆ ಪೆಟ್ಟಿಗೆಯಲ್ಲಿ ಇಡುತ್ತಾರೆ. ಆ ವಾಸನೆಯೇ ವಿಷದ ಆವಿ. ಕೆಂಪು ರಕ್ತಕಣ ಒಡೆಯುವ ಗುಣ ಅದಕ್ಕಿದೆ.

ಬೇವಿನೆಣ್ಣೆಗೆ ಒಂದು ಮಾತು. ನಮ್ಮವರಿಗೆ ಬೇವು ಅಂದರೆ ಕಣ್ಣು ಮುಚ್ಚಿ ನಂಬಿಕೆ. ಕೋಲಿಗೆ, ಗೂಡಿಗೆ ಬಳಿಯಬಹುದು, ಸ್ವಲ್ಪ ಕೆಲಸವನ್ನೂ ಮಾಡುತ್ತದೆ. ಆದರೆ ಬೇವಿನೆಣ್ಣೆ ಗರ್ಭಕ್ಕೆ ಹಾನಿ ಮಾಡಬಲ್ಲದು ಅಂತ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಹಾಗಾಗಿ ಬಳಿಯುವವರು ನೀವಾಗಬೇಡಿ.

ಹಂತ 7: ಎರಡನೇ ಸಲ ತಪ್ಪಿಸಬೇಡಿ

ಬಹಳಷ್ಟು ಔಷಧಿಗಳು ನುಸಿಯನ್ನು ಕೊಲ್ಲುತ್ತವೆ, ಅದರ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಬಿಸಿನೀರೂ ತಲುಪದ ಸಂದಿಗಳಿರುತ್ತವೆ. ಸೆಕೆಯ ದಿನಗಳಲ್ಲಿ ಕೆಂಪು ನುಸಿ ಮೊಟ್ಟೆಯಿಂದ ಹಿಡಿದು ಮತ್ತೆ ಮೊಟ್ಟೆ ಇಡುವವರೆಗೆ 7ರಿಂದ 10 ದಿನ ಸಾಕು. ಆದ್ದರಿಂದ ಮೊದಲ ಸಲ ಮಾಡಿದ 5ರಿಂದ 7 ದಿನದೊಳಗೆ ತೊಳೆಯುವ ಕೆಲಸ ಮತ್ತೊಮ್ಮೆ ಆಗಬೇಕು. ಔಷಧಿಯಾದರೆ ಎಷ್ಟು ದಿನ ಬಿಟ್ಟು ಅಂತ ಚೀಟಿ ನೋಡಿ. ಮೊದಲ ದಿನವೇ ಎರಡನೇ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದು, ಸಹಾಯಕ್ಕೆ ಬರುವವರಿಗೆ ಆಗಲೇ ಹೇಳಿಡಿ. "ಈಗ ಕಾಣ್ತಿಲ್ಲ, ಬಿಡಿ" ಅಂದುಕೊಂಡರೆ ತಿಂಗಳಲ್ಲಿ ಮತ್ತೆ ಮೊದಲಿಂದ ಶುರುಮಾಡಬೇಕಾಗುತ್ತದೆ, ಆಗ ನಿಮ್ಮ ಹೊಟ್ಟೆಯೂ ಇನ್ನಷ್ಟು ಮುಂದೆ ಬಂದಿರುತ್ತದೆ.

ಹೊಸ ಕೋಳಿ ತರುವುದಿದ್ದರೆ ಹೆರಿಗೆಯ ನಂತರ ನೋಡಿಕೊಳ್ಳಿ. ಈಗಲೇ ತಂದರೆ ಒಂದು ತಿಂಗಳಾದರೂ ಬೇರೆ ಇಡಿ. ಗೂಡಿನ ಸೂರಿನಲ್ಲಿ ಗುಬ್ಬಿ, ಪಾರಿವಾಳ ಗೂಡು ಕಟ್ಟದಂತೆ ಜಾಲರಿ ಹೊಡೆಸಿ. ನುಸಿ ಅಲ್ಲಿಂದಲೂ ಬರುತ್ತದೆ.

ಮೊಟ್ಟೆ ತಿನ್ನಬಹುದಾ?

ನುಸಿ ಇರುವ ಕೋಳಿಯ ಮೊಟ್ಟೆ ತಿನ್ನಲು ಅಡ್ಡಿಯಿಲ್ಲ. ಔಷಧಿ ಹಾಕಿದ್ದರೆ ಚೀಟಿಯಲ್ಲಿ ಇಷ್ಟು ದಿನ ಮೊಟ್ಟೆ ಬಳಸಬಾರದು ಅಂತ ಬರೆದಿರುತ್ತದೆ. ಅಷ್ಟು ದಿನದ ಮೊಟ್ಟೆಯನ್ನು ಎಸೆಯಿರಿ, ಯಾರಿಗೂ ಕೊಡಬೇಡಿ. ಉಳಿದ ದಿನಗಳಲ್ಲೂ ಬಿಳಿ, ಹಳದಿ ಎರಡೂ ಗಟ್ಟಿಯಾಗುವವರೆಗೆ ಬೇಯಿಸಿ. ಅರೆಬೆಂದ ಮೊಟ್ಟೆ ಬಸುರಿಯರಿಗೆ ಬೇಡ. ಮೊಟ್ಟೆ ಆರಿಸಿ ತಂದ ಮೇಲೆ ಸಾಬೂನಿನಲ್ಲಿ ಕೈ ತೊಳೆಯಿರಿ. ಕೋಳಿಯ ನೀರಿನ ಪಾತ್ರೆಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ಸಹಾಯಕ್ಕೆ ಯಾರೂ ಇಲ್ಲದಿದ್ದರೆ

ಇದು ಕಷ್ಟದ ಪ್ರಶ್ನೆ, "ಯಾರಾದರೂ ಮಾಡ್ಲಿ" ಅಂತ ಹೇಳಿಬಿಡುವುದು ಸುಲಭ. ಮೊದಲ ದಾರಿ, ಪಶುವೈದ್ಯರ ಬಳಿ ನೀರಿನಲ್ಲಿ ಕೊಡುವ ಔಷಧಿ ಕೇಳಿ, ಬೆರೆಸಿ ಕೊಡಲು ಯಾರನ್ನಾದರೂ ಎರಡು ದಿನದ ಮಟ್ಟಿಗೆ ಕರೆಯಿರಿ. ಎರಡನೆಯದು, ಒಂದೇ ಒಂದು ದಿನಕ್ಕೆ ಕೂಲಿ ಕೊಟ್ಟು ಗೂಡು ತೊಳೆಸಿ. ಮೂರನೆಯದು, ಕೋಳಿ ಸಾಕುವ ಪರಿಚಯದವರಿಗೆ ಹೆರಿಗೆವರೆಗೆ ಒಪ್ಪಿಸಿ. ನುಸಿ ಇದೆ ಅಂತ ಮುಚ್ಚಿಡದೆ ಹೇಳಿ, ಅವರ ಕೋಳಿಗಳಿಗೂ ಹತ್ತಬಾರದಲ್ಲ. ಗೂಡು ತೀರಾ ಹಳೆಯದಾಗಿ ಬಿರುಕು ಬಿಟ್ಟಿದ್ದರೆ ಅದನ್ನು ರಿಪೇರಿ ಮಾಡುತ್ತಾ ಕೂರುವ ಬದಲು ಸುಟ್ಟುಹಾಕಿಸಿ, ಸಂದಿ ಕಡಿಮೆ ಇರುವ ಪ್ಲಾಸ್ಟಿಕ್ ಅಥವಾ ಲೋಹದ ಗೂಡು ತರಿಸಿ. ಖರ್ಚು ಆಗುತ್ತದೆ, ಆದರೆ ಕೆಂಪು ನುಸಿಯ ಕಾಟದಲ್ಲಿ ಎಷ್ಟೋ ಸಲ ಇದೇ ಕೊನೆಗೆ ಅಗ್ಗ.

ಅಕಸ್ಮಾತ್ ಔಷಧಿ ತಾಗಿದರೆ

ಗೊತ್ತಿಲ್ಲದೆ ಪುಡಿ ಹಾಕಿಬಿಟ್ಟೆ ಅಂತ ಗಾಬರಿಯಾಗಿ ಬರೆಯುವವರು ತುಂಬಾ ಜನ. ಒಂದು ಸಲ ಸ್ವಲ್ಪ ತಾಗಿದ ಮಾತ್ರಕ್ಕೆ ಮಗುವಿಗೆ ಏನೋ ಆಗಿಯೇ ಬಿಟ್ಟಿದೆ ಅಂತಲ್ಲ. ಬಟ್ಟೆ ತೆಗೆದು, ಸಾಬೂನು ಹಾಕಿ ತಲೆಯಿಂದ ಸ್ನಾನ ಮಾಡಿ. ಕಣ್ಣಿಗೆ ಬಿದ್ದಿದ್ದರೆ 15 ನಿಮಿಷ ನೀರು ಹಾಯಿಸಿ. ಡಬ್ಬವನ್ನು ಎಸೆಯಬೇಡಿ, ಅದರ ಚೀಟಿಯ ಫೋಟೋ ತೆಗೆದು ವೈದ್ಯರಿಗೆ ಕಳಿಸಿ. ವೈದ್ಯರಿಗೆ ಔಷಧಿಯ ಹೆಸರು, ಪ್ರಮಾಣ ಗೊತ್ತಾದರೆ ಊಹೆ ಮಾಡಬೇಕಾಗುವುದಿಲ್ಲ. ತಲೆಸುತ್ತು, ವಾಂತಿ, ಜೊಲ್ಲು ಸುರಿಯುವುದು, ಉಸಿರು ಕಟ್ಟುವುದು, ಸ್ನಾಯು ಅದುರುವುದು ಇದ್ದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಗೂಡಿನ ಕೆಲಸವಾದ ಮುಂದಿನ ದಿನಗಳಲ್ಲಿ ಜ್ವರ, ಒಣಕೆಮ್ಮು, ಜೋರು ತಲೆನೋವು, ಭೇದಿ ಬಂದರೂ ವೈದ್ಯರಿಗೆ ತೋರಿಸಿ, ಕೋಳಿ ಸಾಕಿರುವುದನ್ನು ಮತ್ತೊಮ್ಮೆ ನೆನಪಿಸಿ. ಕೋಳಿಗಳು ಒಂದರ ಹಿಂದೆ ಒಂದು ಸಾಯುತ್ತಿದ್ದರೆ ಅದನ್ನು ನುಸಿಯ ಲೆಕ್ಕಕ್ಕೆ ಹಾಕಬೇಡಿ. ಹಕ್ಕಿಜ್ವರವೂ ಇರಬಹುದು. ಸತ್ತ ಕೋಳಿಯನ್ನು ಮುಟ್ಟದೆ ಪಶುವೈದ್ಯರಿಗೆ ತಿಳಿಸಿ.